ಸೈಕ್ಲೋಕ್ರಾಸ್‌ಗೆ ಮೊದಲ ಸಲ ಇಳಿಯುವವರಿಗೆ: ಹೊಸ ಸೈಕಲ್ ಬೇಡ, ಇಳಿಯೋದು ಕಲಿಯಿರಿ

ಪ್ರಶ್ನೆ: ನನಗೆ 36 ವರ್ಷ. ಊರು ಹಾಸನ. ಈಗ ಅಮೆರಿಕದ ಒರೆಗಾನ್‌ನಲ್ಲಿ, ಪೋರ್ಟ್‌ಲ್ಯಾಂಡ್ ಪಕ್ಕದ ಹಿಲ್ಸ್‌ಬರೋದಲ್ಲಿದ್ದೇನೆ. ಚಿಕ್ಕವಳಿದ್ದಾಗ ಅಪ್ಪನ ದೊಡ್ಡ ಸೈಕಲ್‌ನಲ್ಲೇ ಕಲಿತೆ. ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಗ ಭಾನುವಾರ ನಂದಿ ಬೆಟ್ಟ ಹತ್ತುತ್ತಿದ್ದೆ. ಇಲ್ಲಿಗೆ ಬಂದ ಮೇಲೆ 40 ಮಿ.ಮೀ. ಟೈರಿನ ಗ್ರ್ಯಾವಲ್ ಬೈಕ್ (ಮಣ್ಣು, ಜಲ್ಲಿ ದಾರಿಗೂ ಆಗುವ ಸೈಕಲ್) ತಗೊಂಡೆ. ಕಳೆದ ಅಕ್ಟೋಬರ್‌ನಲ್ಲಿ ಆಫೀಸಿನ ಗೆಳತಿಯ ಜೊತೆ ಸೈಕ್ಲೋಕ್ರಾಸ್ ರೇಸ್ ನೋಡಲು ಹೋಗಿದ್ದೆ. ಮಳೆ, ಕೆಸರು, ಗಂಟೆ ಬಾರಿಸುವ ಜನ, ಸೈಕಲ್ ಹೆಗಲಿಗೇರಿಸಿ ಗುಡ್ಡ ಹತ್ತುವವರು. ಅವತ್ತಿನಿಂದ ತಲೆಯಲ್ಲಿ ಅದೇ. ಈ ಸೀಸನ್‌ನಲ್ಲಿ ಒಂದಾದರೂ ರೇಸ್ ಮಾಡಬೇಕು. ಹೊಸ ಸೈಕಲ್ ಬೇಕಾ? ಎಷ್ಟು ತಯಾರಿ ಬೇಕು? ಓಡುತ್ತಾ ಇಳಿಯೋದು, ಹತ್ತೋದು ನೋಡಿದರೇ ಭಯ. ಎಲ್ಲರಿಗಿಂತ ಕೊನೆಗೆ ಬಂದರೆ ಜನ ನಗಲ್ವಾ? ಎಂಟು ವರ್ಷದ ಮಗ ಬೇರೆ ನಾನೂ ಬರ್ತೀನಿ ಅಂತಿದ್ದಾನೆ.

ಉತ್ತರ: ಹೊಸ ಸೈಕಲ್ ಬೇಡ. ಈ ವರ್ಷವಂತೂ ಬೇಡವೇ ಬೇಡ. ನಿಮ್ಮ ಗ್ರ್ಯಾವಲ್ ಬೈಕ್ ಸಾಕು, ನಿಮ್ಮ ಕಾಲೂ ಸಾಕು. ನಂದಿ ಬೆಟ್ಟ ಹತ್ತಿದವರಿಗೆ ಅರ್ಧ ಗಂಟೆಯ ರೇಸ್ ಮುಗಿಸುವಷ್ಟು ಶಕ್ತಿ ಇದ್ದೇ ಇರುತ್ತದೆ. ಹೊಸಬರಿಗೆ ಕಲಿಸುವಾಗ ನಾನು ಮತ್ತೆ ಮತ್ತೆ ನೋಡುವುದು ಒಂದನ್ನೇ. ಅವರು ಸಮಯ ಕಳೆದುಕೊಳ್ಳುವುದು ತುಳಿಯುವಾಗ ಅಲ್ಲ. ಟೈರಿನಲ್ಲಿ ಗಾಳಿ ಜಾಸ್ತಿ ಇರುತ್ತದೆ, ತಿರುವಿನ ಮಧ್ಯೆ ಬ್ರೇಕ್ ಹಿಡಿಯುತ್ತಾರೆ, ಇಳಿಯುವಾಗ ಹತ್ತುವಾಗ ತಡವರಿಸುತ್ತಾರೆ. ಈ ಮೂರನ್ನು ಸರಿಮಾಡಿಕೊಂಡರೆ, ನಿಮಗಿಂತ ಗಟ್ಟಿ ಕಾಲಿನವರನ್ನೂ ಹಿಂದೆ ಹಾಕಬಹುದು. ಹಾಗಾಗಿ ನಿಮ್ಮ ಸಮಯ, ದುಡ್ಡು ಎರಡನ್ನೂ ಈ ಮೂರರ ಮೇಲೆ ಹಾಕಿ.

ಮೊದಲು ಆಟ ಏನು ಅಂತ ಎರಡು ಮಾತು. ಪಾರ್ಕ್, ಗದ್ದೆ, ಕಾಡಿನಂಚು ಇಂಥ ಕಡೆ ಟೇಪ್ ಕಟ್ಟಿ ಒಂದು ಸುತ್ತು ಮಾಡಿರುತ್ತಾರೆ. ಅಂತರರಾಷ್ಟ್ರೀಯ ನಿಯಮದಲ್ಲಿ ಒಂದು ಲ್ಯಾಪ್ 2.5ರಿಂದ 3.5 ಕಿ.ಮೀ. ಇರಬೇಕು, ಅಗಲ ಕನಿಷ್ಠ 3 ಮೀಟರ್. ಸ್ಥಳೀಯ ರೇಸ್‌ಗಳಲ್ಲಿ ಇದಕ್ಕಿಂತ ಚಿಕ್ಕದೂ ಇರುತ್ತದೆ. ಹುಲ್ಲು, ಮಣ್ಣು, ಮರಳು, ಸ್ವಲ್ಪ ಟಾರು, ಒಂದೋ ಎರಡೋ ದಿಢೀರ್ ಏರು, ಮೆಟ್ಟಿಲು, ಮತ್ತೆ ಅಡ್ಡ ನಿಲ್ಲಿಸಿದ ಹಲಗೆಗಳು. ಈ ಹಲಗೆಗಳಿಗೇ ಬ್ಯಾರಿಯರ್ ಅನ್ನುತ್ತಾರೆ. ಎತ್ತರ 40 ಸೆಂ.ಮೀ. ವರೆಗೆ, ಜೋಡಿಯಾಗಿ ಇಟ್ಟಿರುತ್ತಾರೆ. ರೇಸ್ ದೂರದ ಲೆಕ್ಕದಲ್ಲಿ ಅಲ್ಲ, ಸಮಯದ ಲೆಕ್ಕದಲ್ಲಿ ನಡೆಯುತ್ತದೆ. ಟಾಪ್ ಗಂಡಸರಿಗೆ ಒಂದು ಗಂಟೆ, ಟಾಪ್ ಹೆಂಗಸರಿಗೆ 50 ನಿಮಿಷದ ಆಸುಪಾಸು. ಹೊಸಬರಿಗೆ ಸಾಮಾನ್ಯವಾಗಿ ಅರ್ಧ ಗಂಟೆ, ಕೆಲವು ಕಡೆ 40 ನಿಮಿಷ. ಮುಂದಿರುವವರ ಮೊದಲ ಲ್ಯಾಪ್‌ಗಳ ವೇಗ ನೋಡಿ ಒಟ್ಟು ಎಷ್ಟು ಲ್ಯಾಪ್ ಅಂತ ಆಮೇಲೆ ಲೆಕ್ಕ ಹಾಕುತ್ತಾರೆ. ಕೊನೆಯ ಲ್ಯಾಪ್‌ಗೆ ಗಂಟೆ ಬಾರಿಸುತ್ತಾರೆ.

ಇದು ಚಳಿಗಾಲದ ಆಟವಾಗಿದ್ದಕ್ಕೂ ಕಾರಣ ಇದೆ. ಯುರೋಪಿನ ರೋಡ್ ರೇಸರ್‌ಗಳು ಸೀಸನ್ ಮುಗಿದ ಮೇಲೆ ಮೈ ಬಿಸಿ ಇಟ್ಟುಕೊಳ್ಳಲು ಹೊಲ, ಬೇಲಿ ದಾಟಿಕೊಂಡು ಸವಾರಿ ಮಾಡುತ್ತಿದ್ದರು. ಕೈಕಾಲು ಸೆಟೆದುಕೊಂಡಾಗ ಸೈಕಲ್ ಹೊತ್ತು ಓಡಿದರೆ ಬೆಚ್ಚಗಾಗುತ್ತದೆ, ಅಲ್ವಾ? ಡೇನಿಯಲ್ ಗುಸ್ಸೊ ಎಂಬ ಫ್ರೆಂಚ್ ಸೈನಿಕ 1902ರಲ್ಲಿ ಫ್ರಾನ್ಸಿನ ಮೊದಲ ಚಾಂಪಿಯನ್‌ಶಿಪ್ ನಡೆಸಿದ. 1910ರ ಟೂರ್ ದ ಫ್ರಾನ್ಸ್ ಗೆದ್ದ ಒಕ್ತಾವ್ ಲಾಪಿಜ್, ಚಳಿಗಾಲದಲ್ಲಿ ಇದನ್ನೇ ಮಾಡಿದ್ದು ನನಗೆ ನೆರವಾಯಿತು ಅಂದ ಮೇಲೆ ಆಟಕ್ಕೆ ಹೆಸರು ಬಂತು. ಮೊದಲ ವಿಶ್ವ ಚಾಂಪಿಯನ್‌ಶಿಪ್ 1950ರಲ್ಲಿ ಪ್ಯಾರಿಸ್‌ನಲ್ಲಿ ನಡೆಯಿತು, ಗೆದ್ದವನು ಜಾನ್ ರೋಬಿಕ್. ಹೆಂಗಸರಿಗೆ ವಿಶ್ವ ಚಾಂಪಿಯನ್‌ಶಿಪ್ ಸಿಗಲು ಅಲ್ಲಿಂದ 50 ವರ್ಷ ಬೇಕಾಯಿತು. 2000ದಲ್ಲಿ ನೆದರ್ಲೆಂಡ್ಸ್‌ನಲ್ಲಿ ನಡೆದ ಆ ಮೊದಲ ರೇಸನ್ನು ಜರ್ಮನಿಯ ಹಂಕಾ ಕುಪ್ಫರ್‌ನಾಗೆಲ್ ಗೆದ್ದರು. ಅಮೆರಿಕದ ಮಟ್ಟಿಗೆ ದೊಡ್ಡ ವರ್ಷ 2013. ಯುರೋಪಿನ ಹೊರಗೆ ಮೊದಲ ಬಾರಿ ವಿಶ್ವ ಚಾಂಪಿಯನ್‌ಶಿಪ್ ಕೆಂಟಕಿಯ ಲೂಯಿವಿಲ್‌ನಲ್ಲಿ ನಡೆಯಿತು. ಒಹಾಯೋ ನದಿ ಉಕ್ಕುತ್ತಿದೆ ಅಂತ ಎರಡು ದಿನದ ರೇಸ್‌ಗಳನ್ನೆಲ್ಲ ಒಂದೇ ದಿನಕ್ಕೆ ತಂದು ಮುಗಿಸಿದರು. ಮಳೆಗೆ ಹೆದರದ ಆಟವೂ ನೆರೆಗೆ ಹೆದರಲೇಬೇಕಾಯಿತು.

ಈಗ ನಿಮ್ಮ ಸೈಕಲ್ ವಿಚಾರ. ಸೈಕ್ಲೋಕ್ರಾಸ್ ಬೈಕ್ ಮತ್ತು ಗ್ರ್ಯಾವಲ್ ಬೈಕ್ ನೋಡಲು ಅಕ್ಕ ತಂಗಿಯರು. ಸೈಕ್ಲೋಕ್ರಾಸ್ ಬೈಕ್ ಸ್ವಲ್ಪ ಗಿಡ್ಡ, ಪೆಡಲ್ ಕೂರುವ ಜಾಗ ಸ್ವಲ್ಪ ಎತ್ತರ, ಇಕ್ಕಟ್ಟಾದ ತಿರುವಿನಲ್ಲಿ ಚುರುಕು. ಗ್ರ್ಯಾವಲ್ ಬೈಕ್ ಉದ್ದ, ನಿಧಾನಕ್ಕೆ ತಿರುಗುತ್ತದೆ, ಆದರೆ ಸ್ಥಿರವಾಗಿರುತ್ತದೆ. ಹೊಸಬರಿಗೆ ಆ ಸ್ಥಿರತೆ ಲಾಭವೇ. ಅಂತರರಾಷ್ಟ್ರೀಯ ರೇಸ್‌ನಲ್ಲಿ ಟೈರ್ 33 ಮಿ.ಮೀ.ಗಿಂತ ಅಗಲ ಇರಕೂಡದು. ಇದನ್ನು ಎಲ್ಲೋ ಓದಿ ಗಾಬರಿಯಾಗಿ ಹೊಸ ಟೈರ್ ಕೊಳ್ಳುವವರಿದ್ದಾರೆ. ಸ್ಥಳೀಯ ರೇಸ್‌ನ ಹೊಸಬರ ಗುಂಪಿನಲ್ಲಿ ಸಾಮಾನ್ಯವಾಗಿ ಯಾರೂ ಅಳೆಯುವುದಿಲ್ಲ. ಮೌಂಟನ್ ಬೈಕ್‌ನಲ್ಲೇ ಬರುವವರು ಬೇಕಾದಷ್ಟು. ಹ್ಯಾಂಡಲ್ ತುದಿಯಲ್ಲಿ ಕೊಂಬಿನಂತೆ ಮುಂದಕ್ಕೆ ಚಾಚಿದ ಹಿಡಿಗಳಿದ್ದರೆ ಮಾತ್ರ ತೆಗೆಯಬೇಕು. ಆದರೂ ನೀವು ಸೇರುವ ರೇಸ್‌ನ ನಿಯಮ ಒಮ್ಮೆ ಓದಿಕೊಳ್ಳಿ.

ಸೈಕಲ್‌ನಿಂದ ತೆಗೆಯಬೇಕಾದವು ಕೆಲವಿವೆ. ಬಾಟಲಿ ಸ್ಟ್ಯಾಂಡ್ ಎರಡೂ ಬಿಚ್ಚಿ. ಅರ್ಧ ಗಂಟೆಗೆ ನೀರು ಬೇಕಾಗುವುದಿಲ್ಲ, ಸೈಕಲ್ ಹೊರುವಾಗ ಅದು ಪಕ್ಕೆಗೆ ಚುಚ್ಚುತ್ತದೆ. ಸೀಟಿನ ಕೆಳಗಿನ ಚೀಲ, ಲೈಟು, ಕಂಪ್ಯೂಟರ್ ಎಲ್ಲ ಕಾರಿನಲ್ಲಿರಲಿ. ಪೆಡಲ್ ವಿಷಯದಲ್ಲಿ ನನ್ನ ಮಾತು ಕೆಲವರಿಗೆ ಹಿಡಿಸುವುದಿಲ್ಲ. ಶೂ ಸಿಕ್ಕಿಸುವ ಪೆಡಲ್ ನಿಮಗೆ ಅಭ್ಯಾಸ ಇಲ್ಲದಿದ್ದರೆ, ಮೊದಲ ರೇಸ್ ಸಾದಾ ಪೆಡಲ್‌ನಲ್ಲೇ ಮಾಡಿ. ಅಭ್ಯಾಸ ಇದ್ದರೆ ಮೌಂಟನ್ ಬೈಕಿನ, ಎರಡೂ ಕಡೆ ಸಿಕ್ಕುವ ಪೆಡಲ್ ಹಾಕಿ. ಅದರ ಶೂಗೆ ಅಡಿಯಲ್ಲಿ ಹಲ್ಲು ಇರಬೇಕು, ಒದ್ದೆ ಹುಲ್ಲಿನ ಏರಿನಲ್ಲಿ ಅದಿಲ್ಲದಿದ್ದರೆ ಜಾರುತ್ತೀರಿ. ರೋಡ್ ಶೂ ಮಾತ್ರ ಬೇಡ. ಅದರ ಕ್ಲೀಟ್‌ಗೆ, ಅಂದರೆ ಪೆಡಲ್‌ಗೆ ಸಿಕ್ಕುವ ಅಡಿಯ ತುಂಡಿಗೆ, ಕೆಸರು ತುಂಬಿಕೊಂಡರೆ ಮತ್ತೆ ಸಿಕ್ಕಿಸಲು ಆಗುವುದೇ ಇಲ್ಲ.

ದುಡ್ಡು ಖರ್ಚು ಮಾಡಲೇಬೇಕು ಅನ್ನಿಸಿದರೆ ಟೈರನ್ನು ಟ್ಯೂಬ್‌ಲೆಸ್ ಮಾಡಿಸಿ. ಇದು ಅಲಂಕಾರಕ್ಕಲ್ಲ. ಈ ಆಟದಲ್ಲಿ ಗಾಳಿ ಎಷ್ಟು ಕಮ್ಮಿ ಹಾಕಬಲ್ಲಿರಿ ಅನ್ನುವುದರ ಮೇಲೆ ಹಿಡಿತ ನಿಂತಿದೆ. ರೋಡ್ ಬೈಕ್‌ಗೆ 80, 90 ಪಿಎಸ್‌ಐ (ಟೈರಿನ ಗಾಳಿ ಒತ್ತಡದ ಅಳತೆ) ಹೊಡೆದು ಅಭ್ಯಾಸವಾದ ಕೈಗೆ 25 ಅಂದರೆ ಪಂಕ್ಚರ್ ಆದ ಹಾಗೆ ಕಾಣುತ್ತದೆ. ಆದರೆ ಹುಲ್ಲು, ಬೇರು, ಗುಂಡಿಯ ಮೇಲೆ ಗಟ್ಟಿ ಟೈರ್ ಪುಟಿಯುತ್ತದೆ. ಪುಟಿದಾಗ ನೆಲ ಬಿಡುತ್ತದೆ. ನೆಲ ಬಿಟ್ಟ ಟೈರಿಗೆ ತಿರುಗಲೂ ಬರುವುದಿಲ್ಲ, ನಿಲ್ಲಲೂ ಬರುವುದಿಲ್ಲ. ಮೆತ್ತಗಿನ ಟೈರ್ ನೆಲದ ಆಕಾರಕ್ಕೆ ಬಗ್ಗಿ ಅಂಟಿಕೊಂಡು ಹೋಗುತ್ತದೆ.

ನಿಮ್ಮದೇ ಅಳತೆ ಹುಡುಕಿಕೊಳ್ಳುವ ದಾರಿ ಸುಲಭ. ಟ್ಯೂಬ್‌ಲೆಸ್ ಆದರೆ 30 ಪಿಎಸ್‌ಐಯಿಂದ ಶುರು ಮಾಡಿ. ಪಾರ್ಕಿನಲ್ಲಿ ಬೇರು, ಉಬ್ಬು, ತಿರುವು ಇರುವ ಚಿಕ್ಕ ಸುತ್ತು ಆರಿಸಿಕೊಳ್ಳಿ. ಎರಡು ಸುತ್ತು ಹೋಗಿ, ಎರಡು ಪಿಎಸ್‌ಐ ಇಳಿಸಿ, ಮತ್ತೆ ಹೋಗಿ. ಒಂದು ಹಂತದಲ್ಲಿ ಬೇರಿನ ಮೇಲೆ ರಿಮ್ ಠಕ್ ಅನ್ನುವುದು ಕೈಗೆ ಗೊತ್ತಾಗುತ್ತದೆ. ಒಂದು ಸುತ್ತಿನಲ್ಲಿ ಒಂದು ಸಲ ಮೆಲ್ಲಗೆ ಠಕ್ ಅಂದರೆ ಸರಿ. ಪ್ರತಿ ಉಬ್ಬಿಗೂ ಬಡಿದರೆ, ಅಥವಾ ತಿರುವಿನಲ್ಲಿ ಟೈರ್ ಪಕ್ಕಕ್ಕೆ ಮಡಚಿದ ಹಾಗಾದರೆ ಒಂದೆರಡು ಪಿಎಸ್‌ಐ ಏರಿಸಿ. ಬಹಳಷ್ಟು ಹೆಂಗಸರಿಗೆ 20ರಿಂದ 26ರ ಒಳಗೆ ಎಲ್ಲೋ ನಿಲ್ಲುತ್ತದೆ. ತೂಕ ಕಮ್ಮಿ ಇದ್ದರೆ ಇನ್ನೂ ಕೆಳಗೆ. ಹಿಂದಿನ ಟೈರಿಗೆ ಮುಂದಿನದಕ್ಕಿಂತ ಒಂದೆರಡು ಜಾಸ್ತಿ ಇರಲಿ. ಟ್ಯೂಬ್ ಇರುವ ಟೈರಾದರೆ ಇಷ್ಟು ಕೆಳಗಿಳಿಸಬೇಡಿ. ರಿಮ್ ಬಡಿದಾಗ ಟ್ಯೂಬ್ ನಡುವೆ ಸಿಕ್ಕಿ ಹಾವು ಕಚ್ಚಿದಂತೆ ಎರಡು ತೂತು ಬೀಳುತ್ತದೆ. 32ರ ಹತ್ತಿರ ಇರಲಿ. ಕಡಿಮೆ ಗಾಳಿಯನ್ನು ಸರಿಯಾಗಿ ತೋರಿಸುವ ಒಂದು ಚಿಕ್ಕ ಗೇಜ್ ತಗೊಳ್ಳಿ. ನಿಲ್ಲಿಸಿ ಹೊಡೆಯುವ ಪಂಪಿನ ಮುಳ್ಳು ಈ ಮಟ್ಟದಲ್ಲಿ ನಂಬುವಂಥದ್ದಲ್ಲ.

ಇನ್ನು ನಿಮ್ಮ ಭಯದ ವಿಷಯ: ಓಡುತ್ತಾ ಇಳಿಯೋದು, ಹತ್ತೋದು. ಇಲ್ಲಿ ನಿಮಗೊಂದು ಲಾಭ ಇದೆ. ಇಲ್ಲಿನವರಿಗೆ ಅದಿಲ್ಲ. ಹಾಸನದಲ್ಲಿ ಪೋಸ್ಟ್‌ಮನ್ನೋ ಮೇಷ್ಟ್ರೋ ಸೈಕಲ್ ಇಳಿಯುವುದನ್ನು ನೆನಪು ಮಾಡಿಕೊಳ್ಳಿ. ಮನೆ ಹತ್ತಿರ ಬರುತ್ತಿದ್ದ ಹಾಗೆ ಬಲಗಾಲನ್ನು ಸೀಟಿನ ಹಿಂದಿನಿಂದ ಎತ್ತಿ ಎಡಕ್ಕೆ ತರುತ್ತಿದ್ದರು. ಎಡಗಾಲು ಪೆಡಲ್ ಮೇಲೆ, ಬಲಗಾಲು ಗಾಳಿಯಲ್ಲಿ, ಸೈಕಲ್ ಹಾಗೇ ಹತ್ತು ಮಾರು ಸಾಗುತ್ತಿತ್ತು. ಆಮೇಲೆ ಬಲಗಾಲು ನೆಲಕ್ಕೆ, ಎರಡು ಹೆಜ್ಜೆ ಓಟ, ಬಾಗಿಲ ಮುಂದೆ ಸೈಕಲ್ ನಿಂತಿರುತ್ತಿತ್ತು. ಬೆಲ್ಜಿಯಂನ ಚಾಂಪಿಯನ್‌ಗಳು ಬ್ಯಾರಿಯರ್ ಮುಂದೆ ಇಳಿಯುವುದೂ ಹೀಗೇ. ಅವರು ಅದನ್ನು ಗಂಟೆಗೆ 20 ಕಿ.ಮೀ. ವೇಗದಲ್ಲಿ ಮಾಡುತ್ತಾರೆ ಅಷ್ಟೇ. ಅಪ್ಪನ ಸೈಕಲ್‌ನಲ್ಲಿ ಕಲಿತ ನಿಮ್ಮ ಮೈಗೆ ಇದು ಹೊಸದಲ್ಲ.

ಕ್ರಮವಾಗಿ ಹೇಳುತ್ತೇನೆ. ಯಾವಾಗಲೂ ಎಡಗಡೆಗೇ ಇಳಿಯಬೇಕು, ಚೈನ್ ಬಲಗಡೆ ಇರುವುದರಿಂದ. ಬ್ಯಾರಿಯರ್‌ಗೆ ಹತ್ತು ಮೀಟರ್ ಇರುವಾಗಲೇ ಬ್ರೇಕ್ ಹಿಡಿದು ವೇಗ ಇಳಿಸಿ. ಎರಡೂ ಕೈ ಬ್ರೇಕ್ ಲಿವರ್ ಮೇಲಿರಲಿ. ಬಲಗಾಲನ್ನು ಸೀಟಿನ ಹಿಂದಿನಿಂದ ತಂದು ಎಡಗಾಲಿನ ಹಿಂದೆ ಹಿಡಿಯಿರಿ. ಈಗ ಬಲಗೈಯನ್ನು ಫ್ರೇಮಿನ ಮೇಲಿನ ಬಾರ್‌ಗೆ ತನ್ನಿ, ಎಡಗೈ ಲಿವರ್ ಬಿಡಬಾರದು. ತೂಕವನ್ನು ಸ್ವಲ್ಪ ಬಲಗೈ ಮೇಲೆ ಹಾಕಿದರೆ ಎಡಗಾಲು ಹಗುರಾಗುತ್ತದೆ, ಪೆಡಲ್‌ನಿಂದ ಬಿಡಿಸಿಕೊಳ್ಳುತ್ತದೆ. ಬಲಗಾಲು ಮೊದಲು ನೆಲಕ್ಕೆ, ಹಿಂದೆಯೇ ಓಟ. ಬಾರ್ ಹಿಡಿದು ಸೈಕಲ್ ಎತ್ತಿ, ಎರಡು ಹಲಗೆ ದಾಟಿ, ಮೆತ್ತಗೆ ಇಳಿಸಿ. ಬಡಿದು ಇಳಿಸಿದರೆ ಚೈನ್ ಬೀಳುತ್ತದೆ.

ಅಪಾಯ ಇರುವುದು ಒಂದೇ ಕಡೆ. ಶೂ ಸಿಕ್ಕಿಸುವ ಪೆಡಲ್‌ನಲ್ಲಿ ಎಡಗಾಲು ಬಿಡದಿದ್ದರೆ ಬ್ಯಾರಿಯರ್ ಮೇಲೇ ಬೀಳುತ್ತೀರಿ. ಅದಕ್ಕೇ ಮೊದಲ ವಾರ ಬ್ಯಾರಿಯರ್ ಇಲ್ಲದೆ, ನಡೆಯುವ ವೇಗದಲ್ಲಿ, ಹುಲ್ಲಿನ ಮೇಲೆ ಬರೀ ಇಳಿಯುವುದನ್ನು ಮಾಡಿ. ಇಡೀ ತೂಕ ಎಡಗಾಲಿನ ಮೇಲಿರುವಾಗ ಹಿಮ್ಮಡಿ ಹೊರಗೆ ತಿರುಗಿಸಿ ಬಿಡಿಸುವುದು ಮೈಗೆ ಬರಬೇಕು. ಅದು ಬಂದ ಮೇಲೆ ಒಂದು ಕೋಲು ಅಡ್ಡ ಇಡಿ. ಆಮೇಲೆ ಒಂದು ರಟ್ಟಿನ ಡಬ್ಬಿ. ರಟ್ಟಿಗೆ ಬಡಿದರೆ ಯಾರಿಗೂ ನೋವಿಲ್ಲ.

ಹತ್ತುವುದು ಬೇರೆ ಕತೆ. ನಮ್ಮೂರಲ್ಲಿ ಎಡಗಾಲು ಪೆಡಲ್ ಮೇಲಿಟ್ಟು, ಬಲಗಾಲಿನಿಂದ ನೆಲ ತಳ್ಳಿ, ಆಮೇಲೆ ಕಾಲು ಹಾಕುತ್ತಿದ್ದೆವು. ಸೈಕ್ಲೋಕ್ರಾಸ್‌ನಲ್ಲಿ ಪೆಡಲ್ ಮೇಲೆ ಕಾಲೇ ಇಡುವುದಿಲ್ಲ. ಎರಡೂ ಕೈ ಲಿವರ್ ಮೇಲಿಟ್ಟು ಓಡುತ್ತಾ, ಎಡಗಾಲಿನಿಂದ ನೆಲ ಒದ್ದು, ಬಲತೊಡೆಯ ಒಳಭಾಗವನ್ನು ಸೀಟಿನ ಮೇಲೆ ಜಾರಿಸಬೇಕು. ಹೊಸಬರು ಮೇಲಕ್ಕೆ ನೆಗೆಯುತ್ತಾರೆ. ಅದರಿಂದ ಬೀಳುವ ಪೆಟ್ಟು ಎಲ್ಲಿಗೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ನೆಗೆತ ಮೇಲಕ್ಕಲ್ಲ, ಮುಂದಕ್ಕೆ. ಮೊದಲು ನಿಂತ ಸೈಕಲ್ ಮೇಲೆ ತೊಡೆ ಜಾರಿಸುವುದನ್ನು ಮಾಡಿ, ಆಮೇಲೆ ನಡೆಯುತ್ತಾ, ಆಮೇಲೆ ಮೆಲ್ಲಗೆ ಓಡುತ್ತಾ.

ರೇಸ್ ದಿನದವರೆಗೂ ಇದು ಬರಲಿಲ್ಲವೇ? ಚಿಂತೆ ಬೇಡ. ಸಾದಾ ಪೆಡಲ್ ಹಾಕಿ, ಅಪ್ಪನ ಸೈಕಲ್ ಹತ್ತಿದ ಹಾಗೇ ಹತ್ತಿ. ಒಂದೆರಡು ಸೆಕೆಂಡ್ ಜಾಸ್ತಿ ಹಿಡಿಯಬಹುದು. ಸುತ್ತಲಿನವರು ಅಷ್ಟರಲ್ಲಿ ಕುಪ್ಪಳಿಸಿ ಕುಪ್ಪಳಿಸಿ ಹತ್ತಲು ಹೆಣಗುತ್ತಲೇ ಇರುತ್ತಾರೆ.

ಹೆಗಲಿಗೇರಿಸುವುದು ಉದ್ದದ ಏರು, ಮೆಟ್ಟಿಲು, ಕಾಲು ಹೂಳುವ ಕೆಸರಿಗೆ ಮಾತ್ರ. ಬಲಗೈಯಿಂದ ಕೆಳಗಿನ ಓರೆ ಕೊಳವೆ ಹಿಡಿದು ಎತ್ತಿ, ಮೇಲಿನ ಬಾರ್ ಬಲ ಹೆಗಲ ಮೇಲೆ ಕೂರಬೇಕು. ಆಮೇಲೆ ಬಲಗೈಯನ್ನು ಆ ಓರೆ ಕೊಳವೆಯ ಕೆಳಗಿನಿಂದ ಮುಂದಕ್ಕೆ ಚಾಚಿ ಹ್ಯಾಂಡಲ್ ಹಿಡಿಯಿರಿ, ಮುಂದಿನ ಚಕ್ರ ಅಲುಗುವುದಿಲ್ಲ. ಚಿಕ್ಕ ಫ್ರೇಮಿನಲ್ಲಿ ಜಾಗ ಸಾಲದು. ನಿಮಗೆ ಹಾಗಾದರೆ ಬಾರ್ ಹಿಡಿದು ಸೂಟ್‌ಕೇಸ್ ಎತ್ತಿದ ಹಾಗೆ ಎತ್ತಿಕೊಂಡು ಹೋಗಿ, ಅಥವಾ ಪಕ್ಕದಲ್ಲಿ ತಳ್ಳಿಕೊಂಡು ಓಡಿ. ಏರಿನಲ್ಲಿ ಚಿಕ್ಕ ಚಿಕ್ಕ ಹೆಜ್ಜೆ.

ಟಿವಿಯಲ್ಲಿ ಮಥ್ಯೂ ವ್ಯಾನ್ ಡರ್ ಪೂಲ್, ವೌಟ್ ವಾನ್ ಆರ್ಟ್ ಇಂಥವರು ಇಳಿಯದೇ ಸೈಕಲ್ ಸಮೇತ ಬ್ಯಾರಿಯರ್ ಹಾರುವುದು ನೋಡಿರುತ್ತೀರಿ. ವ್ಯಾನ್ ಡರ್ ಪೂಲ್ 2025ರ ಹೊತ್ತಿಗೆ ಏಳು ಸಲ ವಿಶ್ವ ಚಾಂಪಿಯನ್ ಆಗಿ, ಬೆಲ್ಜಿಯಂನ ಎರಿಕ್ ಡಿ ವ್ಲಾಮಿಂಕ್‌ರ ಹಳೆಯ ದಾಖಲೆ ಮುಟ್ಟಿದವರು. ಅದನ್ನು ನೋಡಿ ಖುಷಿಪಡಿ, ಮಾಡಲು ಹೋಗಬೇಡಿ. ಅವರ ರೇಸ್‌ಗಳಲ್ಲಿ ನೀವು ಕಲಿಯಬೇಕಾದದ್ದು ತಿರುವು. ಬೆಲ್ಜಿಯಂನ ನಾಮೂರ್ ಕೋಟೆಗುಡ್ಡದ ರೇಸ್ ಸಿಕ್ಕರೆ ನೋಡಿ. ಗುಡ್ಡದ ಪಕ್ಕೆಯಲ್ಲಿ ಓರೆಯಾಗಿ ಸಾಗುವ ದಾರಿ, ಒಂದು ಕಡೆ ಇಳಿಜಾರು. ಅವರು ಹೊರಗಿನ ಪೆಡಲನ್ನು ಕೆಳಗಿಟ್ಟು ಅದರ ಮೇಲೇ ನಿಲ್ಲುತ್ತಾರೆ, ಸೈಕಲ್ ಗುಡ್ಡದ ಕಡೆ ವಾಲಿರುತ್ತದೆ, ದೇಹ ನೆಟ್ಟಗೆ. ಮರಳಿಗೆ ಬೆಲ್ಜಿಯಂನದೇ ಕೊಕ್ಸೈಡ್ ನೋಡಿ. ಮರಳಿಗೆ ಬರುವ ಮೊದಲೇ ವೇಗ, ತೂಕ ಹಿಂದಕ್ಕೆ, ಕೈ ಸಡಿಲ, ಚಕ್ರ ತನಗೆ ಬೇಕಾದ ಗಾಡಿಜಾಡು ಹುಡುಕಿಕೊಳ್ಳಲು ಬಿಡುತ್ತಾರೆ. ಹ್ಯಾಂಡಲ್ ಗಟ್ಟಿಯಾಗಿ ಹಿಡಿದು ತಿದ್ದಲು ಹೋದವರು ಮರಳಿನಲ್ಲಿ ಕೂರುತ್ತಾರೆ.

ನಿಮ್ಮ ಪಾರ್ಕಿನಲ್ಲಿ ಮಾಡಬೇಕಾದದ್ದು ಇಷ್ಟು. ಎರಡು ಮರ ಆರಿಸಿ ಎಂಟರ ಆಕಾರದಲ್ಲಿ ಸುತ್ತಿ. ಬ್ರೇಕ್ ತಿರುವಿಗೆ ಮೊದಲು, ತಿರುವಿನ ಒಳಗೆ ಅಲ್ಲ. ಕಣ್ಣು ಮುಂದಿನ ಚಕ್ರದ ಮೇಲಲ್ಲ, ತಿರುವು ಮುಗಿಯುವ ಕಡೆ. ಅಗಲದಿಂದ ಒಳಗೆ ಬಂದು ಅಗಲಕ್ಕೇ ಹೊರಗೆ ಹೋಗಿ. ಕೆಸರಲ್ಲಿ ಎಲ್ಲರೂ ತುಳಿದ ನಡುದಾರಿಗಿಂತ ಟೇಪ್ ಪಕ್ಕದ ಹುಲ್ಲು ಎಷ್ಟೋ ಸಲ ವೇಗ. ಒಂದು ವಿನಂತಿ: ಮಳೆ ಬಂದ ಮರುದಿನ ಆಟದ ಮೈದಾನದ ಹುಲ್ಲಿನ ಮೇಲೆ ಅಭ್ಯಾಸ ಮಾಡಬೇಡಿ. ಹುಲ್ಲು ಕಿತ್ತು ಬಂದರೆ ಮುಂದಿನ ವರ್ಷ ಯಾರಿಗೂ ಅಲ್ಲಿ ಜಾಗ ಸಿಗುವುದಿಲ್ಲ.

ತಯಾರಿಗೆ ಆರು ವಾರ ಸಾಕು. ವಾರಕ್ಕೆ ಒಂದು ದಿನ ಮುಕ್ಕಾಲು ಗಂಟೆ ಇಳಿಯೋದು, ಹತ್ತೋದು, ತಿರುವು. ಇದನ್ನು ತಪ್ಪಿಸಬೇಡಿ, ಉಳಿದದ್ದು ತಪ್ಪಿದರೂ ಪರವಾಗಿಲ್ಲ. ಇನ್ನೊಂದು ದಿನ ಜೋರು ತುಳಿತ: 30 ಸೆಕೆಂಡ್ ಪೂರಾ ಶಕ್ತಿ, 30 ಸೆಕೆಂಡ್ ಸುಮ್ನೆ ತಿರುಗಿಸುವುದು, ಹೀಗೆ ಎಂಟು ಸಲ. ಐದು ನಿಮಿಷ ಬಿಟ್ಟು ಇನ್ನೊಂದು ಸುತ್ತು. ನಂದಿ ಬೆಟ್ಟದ ಹಾಗೆ ಒಂದೇ ಹದದಲ್ಲಿ ತುಳಿಯಲು ಇಲ್ಲಿ ಬಿಡುವುದಿಲ್ಲ. ಪ್ರತಿ ತಿರುವಿಗೂ ನಿಧಾನ ಮಾಡಿ, ಮತ್ತೆ ಜೋರಾಗಿ ತುಳಿಯಬೇಕು. ಭಾನುವಾರದ ಉದ್ದ ಸವಾರಿ ಇದ್ದೇ ಇದೆ. ಓಟದ ಅಭ್ಯಾಸ ಇಲ್ಲದಿದ್ದರೆ ವಾರಕ್ಕೆ ಎರಡು ಸಲ ಹತ್ತು ಹತ್ತು ನಿಮಿಷ ಮೆಲ್ಲಗೆ ಓಡಿ. ಒಮ್ಮೆಲೇ ಗುಡ್ಡ ಓಡಲು ಹೋದರೆ ಮೀನಖಂಡ ಹಿಡಿದುಕೊಳ್ಳುತ್ತದೆ, ಎರಡು ವಾರ ಹೋಯಿತು ಅಂತಲೇ ಲೆಕ್ಕ.

ಹೆಸರು ಕೊಡುವ ಬಗ್ಗೆ. ಅಮೆರಿಕದ ಹೆಚ್ಚಿನ ಕಡೆ ಯುಎಸ್‌ಎ ಸೈಕ್ಲಿಂಗ್ ಲೈಸೆನ್ಸ್ ಬೇಕು. ಒರೆಗಾನ್‌ನಲ್ಲಿ ಒರೆಗಾನ್ ಬೈಸಿಕಲ್ ರೇಸಿಂಗ್ ಅಸೋಸಿಯೇಷನ್ ಎಂಬ ತಮ್ಮದೇ ಸಂಸ್ಥೆ ಕಟ್ಟಿಕೊಂಡಿದ್ದಾರೆ, ಎಲ್ಲರೂ ಓಬ್ರಾ ಅನ್ನುತ್ತಾರೆ. ಪೂರ್ತಿ ವರ್ಷದ ಸದಸ್ಯತ್ವ ಬೇಡ, ಒಂದು ದಿನದ್ದು ಸಾಕು. ಕ್ರಾಸ್ ಕ್ರುಸೇಡ್ ನಿಮ್ಮ ಕಡೆಯ ಹೆಸರಾಂತ ಸರಣಿ. ಹೊಸಬರ ಗುಂಪಿಗೆ ಬಿಗಿನರ್ ಅಥವಾ ಕ್ಯಾಟಗರಿ 5 ಅಂತ ಹೆಸರಿರುತ್ತದೆ, ಹೆಂಗಸರಿಗೆ ಬೇರೆ ಗುಂಪು. ವಯಸ್ಸಿನ ಗುಂಪು ಕಂಡು ಅಲ್ಲಿ ಸುಲಭ ಇರಬಹುದು ಅಂತ ಹೋಗಬೇಡಿ. ಅಲ್ಲಿರುವ 50 ದಾಟಿದ ಹೆಂಗಸರು ಇಪ್ಪತ್ತು ಚಳಿಗಾಲ ಕೆಸರು ಕುಡಿದವರು.

ರೇಸ್ ದಿನ ಎರಡು ಗಂಟೆ ಮೊದಲೇ ಹೋಗಿ. ನಂಬರ್ ತಗೊಂಡು, ಯಾವ ಕಡೆ ಪಿನ್ ಮಾಡಬೇಕು ಅಂತ ಅಲ್ಲೇ ಕೇಳಿ. ಎರಡು ರೇಸ್‌ಗಳ ನಡುವೆ ದಾರಿ ನೋಡಲು ಬಿಡುತ್ತಾರೆ. ಆಗ ಒಂದು ಲ್ಯಾಪ್ ಮೆಲ್ಲಗೆ ಹೋಗಿ, ಇಳಿಯಬೇಕಾದ ಜಾಗ ಗುರುತು ಮಾಡಿಕೊಳ್ಳಿ. ಗಾಳಿ ಜಾಸ್ತಿ ಅನಿಸಿದರೆ ಅಲ್ಲೇ ಇಳಿಸಿ. ತಿಂಡಿ ಮೂರು ಗಂಟೆ ಮೊದಲು ಮುಗಿಸಿ. ಉಪ್ಪಿಟ್ಟು, ಅವಲಕ್ಕಿ ಧಾರಾಳ ಆಗುತ್ತದೆ. ಬೆಳಗ್ಗೆ ಚಳಿ ಇದೆ ಅಂತ ರೇಸ್‌ಗೆ ಮಳೆ ಜಾಕೆಟ್ ಹಾಕಬೇಡಿ, ಎರಡನೇ ನಿಮಿಷಕ್ಕೇ ಬೆವರು ಕಿತ್ತುಕೊಳ್ಳುತ್ತದೆ. ಶುರುವಾಗುವವರೆಗೆ ಹಾಕಿಕೊಂಡಿದ್ದು ತೆಗೆದು ಯಾರ ಕೈಗಾದರೂ ಕೊಡಿ. ಕಾರಿನಲ್ಲಿ ಒಣ ಬಟ್ಟೆ, ಒಣ ಶೂ, ಟವೆಲ್, ಒಂದು ಬಕೆಟ್, ಕೆಸರು ಬಟ್ಟೆಗೆ ದೊಡ್ಡ ಪ್ಲಾಸ್ಟಿಕ್ ಚೀಲ, ಫ್ಲಾಸ್ಕ್‌ನಲ್ಲಿ ಕಾಫಿ ಇರಲಿ. ಇದರಲ್ಲಿ ಒಂದು ಮರೆತರೂ ಪೋರ್ಟ್‌ಲ್ಯಾಂಡಿನ ನವೆಂಬರ್ ಮಳೆ ನೆನಪಿಸುತ್ತದೆ.

ಶುರುವಿಗೆ ಹಿಂದಿನ ಸಾಲಿನಲ್ಲಿ ನಿಲ್ಲಿ. ಪೀಪಿ ಊದಿದ ತಕ್ಷಣ ಎಲ್ಲರೂ ಬಸ್ ತಪ್ಪಿದ ಹಾಗೆ ಓಡುತ್ತಾರೆ. ಮೊದಲ ತಿರುವಿನಲ್ಲಿ ಗುಂಪು ಸಿಕ್ಕಿಕೊಳ್ಳುತ್ತದೆ, ಒಬ್ಬರೋ ಇಬ್ಬರೋ ಬೀಳುತ್ತಾರೆ. ನೀವು ಹಿಂದೆ ಇದ್ದರೆ ಅದನ್ನು ನೋಡಿಕೊಂಡು ಪಕ್ಕದಿಂದ ಹೋಗಬಹುದು. ಮೊದಲ ಲ್ಯಾಪ್‌ನಲ್ಲಿ ಎಲ್ಲ ಸುರಿದುಬಿಟ್ಟವರು ಎರಡನೇ ಲ್ಯಾಪ್‌ನಲ್ಲಿ ಒಬ್ಬೊಬ್ಬರೇ ಸಿಗುತ್ತಾರೆ. ಆಗ ದಾಟಿ.

ಕೊನೆಗೆ ಬಂದರೆ ಜನ ನಗುತ್ತಾರಾ ಅಂತ ಕೇಳಿದಿರಿ. ಮೊದಲನೆಯದಾಗಿ, ಕೊನೆಯಲ್ಲಿ ಯಾರಿದ್ದಾರೆ ಅಂತ ಹೇಳುವುದೇ ಕಷ್ಟ. ಚಿಕ್ಕ ಸುತ್ತಿನಲ್ಲಿ ಎಲ್ಲರೂ ಎಲ್ಲರ ನಡುವೆ ಸೇರಿಹೋಗಿರುತ್ತಾರೆ. ರಸ್ತೆ ರೇಸ್‌ನಲ್ಲಿ ಹಿಂದೆ ಬಿದ್ದರೆ ನೀವು, ರಸ್ತೆ, ಇಬ್ಬರೇ. ಇಲ್ಲಿ ಯಾವಾಗಲೂ ಪಕ್ಕದಲ್ಲಿ ಯಾರಾದರೂ ಇರುತ್ತಾರೆ. ಮುಂದಿನವರು ನಿಮಗಿಂತ ಒಂದು ಲ್ಯಾಪ್ ಮುಂದೆ ಬಂದು ದಾಟುವುದೂ ಉಂಟು. ಎಡಗಡೆಯಿಂದ ಬರ್ತಿದ್ದೀನಿ ಅಂತ ಕೂಗುತ್ತಾರೆ. ನಿಮ್ಮ ದಾರಿ ಬದಲಿಸದೆ ನೇರ ಹೋಗಿ, ದಾಟುವ ಕೆಲಸ ಅವರದು. ಅಂತರರಾಷ್ಟ್ರೀಯ ರೇಸ್‌ನಲ್ಲಿ ತೀರ ಹಿಂದೆ ಬಿದ್ದವರನ್ನು ಹೊರಗೆ ಕಳಿಸುವ ನಿಯಮ ಇದೆ. ಹೊಸಬರ ರೇಸ್‌ನಲ್ಲಿ ಸಾಮಾನ್ಯವಾಗಿ ಹಾಗೆ ಮಾಡುವುದಿಲ್ಲ. ಮುಂದಿನವರು ಮುಗಿಸಿದ ಮೇಲೆ ನೀವು ಗೆರೆ ದಾಟಿದಾಗ ನಿಮ್ಮದೂ ಮುಗಿಯಿತು, ಒಂದು ಲ್ಯಾಪ್ ಕಮ್ಮಿ ಅಂತ ಬರೆದುಕೊಳ್ಳುತ್ತಾರೆ ಅಷ್ಟೇ.

ಜನ ಮಾತ್ರ ಸುಮ್ಮನಿರುವುದಿಲ್ಲ. ಗಂಟೆ ಬಾರಿಸುತ್ತಾರೆ, ಕಾಲೆಳೆಯುತ್ತಾರೆ. ಅದು ಆಟದ ಭಾಗ, ಗೆದ್ದವರನ್ನೂ ಬಿಡುವುದಿಲ್ಲ. ಅತಿ ಜೋರು ಕೂಗು ಬೀಳುವುದು ಕೊನೆಯ ಏರನ್ನು ಒದ್ದಾಡುತ್ತಾ ಹತ್ತುವವರಿಗೆ. ಕೆಲವರು ದಾರಿ ಪಕ್ಕ ನಿಂತು ಡಾಲರ್ ನೋಟು, ಬಿಯರ್, ತಿಂಡಿ ಚಾಚುತ್ತಾರೆ. ನೀವು ಸಸ್ಯಾಹಾರಿಯಾದರೆ ಕೈಗೆ ಬಂದದ್ದನ್ನು ನೋಡದೆ ಬಾಯಿಗೆ ಹಾಕಬೇಡಿ, ಎಷ್ಟೋ ಸಲ ಅದು ಬೇಕನ್.

ರೇಸ್ ಮುಗಿದ ಕೂಡಲೇ ಒದ್ದೆ ಬಟ್ಟೆ ಬದಲಿಸಿ, ಆಮೇಲೆ ಸೈಕಲ್. ಕೆಸರು ಒಣಗುವ ಮೊದಲು ತೊಳೆಯಬೇಕು. ಜೋರು ನೀರಿನ ಪೈಪನ್ನು ಚಕ್ರದ ನಡುವಿಗೆ, ಪೆಡಲ್ ಕೂರುವ ಜಾಗಕ್ಕೆ ಹಿಡಿಯಬೇಡಿ, ಬೇರಿಂಗ್‌ಗೆ ನೀರು ಇಳಿಯುತ್ತದೆ. ಬಕೆಟ್, ಬ್ರಷ್ ಸಾಕು. ಚೈನ್ ಒರೆಸಿ ಎಣ್ಣೆ ಹಾಕಿ. ಡಿಸ್ಕ್ ಬ್ರೇಕ್ ಪ್ಯಾಡ್ ತೆಗೆದು ನೋಡಿ. ಮರಳು ಬೆರೆತ ಒದ್ದೆ ಕೆಸರಿನಲ್ಲಿ ಮೆತ್ತಗಿನ ರೆಸಿನ್ ಪ್ಯಾಡ್ ಒಂದೇ ರೇಸ್‌ಗೆ ಸವೆದುಹೋಗುವುದೂ ಉಂಟು. ಮಳೆಗಾಲದ ಮಟ್ಟಿಗೆ ಲೋಹದ ಪ್ಯಾಡ್ ಹಾಕಿಸುವುದು ಒಳ್ಳೆಯದು. ಸ್ವಲ್ಪ ಕಿರುಚುತ್ತದೆ, ಆದರೆ ನಿಲ್ಲಿಸುತ್ತದೆ.

ಮಗನ ವಿಷಯ. ಹೆಚ್ಚಿನ ಸ್ಥಳೀಯ ರೇಸ್‌ಗಳಲ್ಲಿ ಮಕ್ಕಳಿಗೆ ಅಂತಲೇ ಚಿಕ್ಕ ಸುತ್ತು ಇಟ್ಟಿರುತ್ತಾರೆ, ಅದರ ಹೊತ್ತು ಬೇರೆ. ನಿಮ್ಮ ರೇಸ್‌ಗೂ ಅವನದಕ್ಕೂ ನಡುವೆ ಬಟ್ಟೆ ಬದಲಿಸುವಷ್ಟು ಸಮಯ ಇದೆಯೇ ಅಂತ ವೇಳಾಪಟ್ಟಿಯಲ್ಲಿ ನೋಡಿಕೊಳ್ಳಿ. ಇಲ್ಲದಿದ್ದರೆ ಯಾರಾದರೂ ಜೊತೆಗೆ ಬರಲಿ. ಅವನ ಸೈಕಲ್‌ಗೆ ಸ್ಟ್ಯಾಂಡ್ ಇದ್ದರೆ ಬಿಚ್ಚಿ, ಬೀಳುವಾಗ ಕಾಲಿಗೆ ತಾಗುತ್ತದೆ. ಹ್ಯಾಂಡಲ್ ತುದಿಯ ರಬ್ಬರ್ ಹರಿದಿದ್ದರೆ ಬದಲಿಸಿ. ಹೆಲ್ಮೆಟ್, ಬೆರಳು ಮುಚ್ಚುವ ಕೈಗವಸು ಮರೆಯಬೇಡಿ. ಇಳಿಯೋದು ಹತ್ತೋದು ಅವನಿಗೆ ನೀವೇ ಹೇಳಿಕೊಡಿ. ನಿಮಗಿಂತ ಬೇಗ ಕಲಿತುಬಿಟ್ಟರೆ ಬೇಜಾರಾಗಬೇಡಿ.